ಯಾವ ಬ್ರಾಹ್ಮಿ ಎಂದು ಮೊದಲು ಕೇಳಬೇಕು

ಬ್ರಾಹ್ಮಿಯ ಸಾರ ಆತಂಕವನ್ನು ತಗ್ಗಿಸುತ್ತದೆಯೇ ಎಂಬುದನ್ನು ಇಲಿಗಳ ಮೇಲೆ ಪರೀಕ್ಷಿಸುತ್ತೇನೆ ಎಂದು ಫಾರ್ಮಸಿ ವಿದ್ಯಾರ್ಥಿಗಳು ಬಂದಾಗಲೆಲ್ಲ, ಯಾವ ಬ್ರಾಹ್ಮಿ ಎಂದು ನಾನು ಮೊದಲು ಕೇಳುತ್ತೇನೆ. ತಂಬುಳಿಗೆ ಹಾಕುವ ಒಂದೆಲಗವೂ ನಮ್ಮಲ್ಲಿ ಬ್ರಾಹ್ಮಿಯೇ, ಜೌಗಿನಲ್ಲಿ ಹಬ್ಬುವ ಪುಟ್ಟ ದಪ್ಪ ಎಲೆಯ ನೀರುಬ್ರಾಹ್ಮಿಯೂ ಬ್ರಾಹ್ಮಿಯೇ. ಮೊದಲನೆಯದು ಸೆಂಟೆಲ್ಲಾ ಏಷ್ಯಾಟಿಕಾ, ಎರಡನೆಯದು ಬಕೋಪಾ ಮೊನ್ನಿಯೇರಿ. ಮುಖ್ಯ ರಾಸಾಯನಿಕಗಳೂ ಬೇರೆ: ಅದರಲ್ಲಿ ಏಷ್ಯಾಟಿಕೋಸೈಡ್, ಇದರಲ್ಲಿ ಬಕೋಸೈಡ್. ಗ್ರಂಧಿಗೆ ಅಂಗಡಿಯಿಂದ ತಂದ ಪುಡಿಯನ್ನು ಗುರುತಿಸದೆ ಸಾರ ತೆಗೆದರೆ, ಮುಂದಿನ ಲೆಕ್ಕವೆಲ್ಲ ಹೆಸರೇ ಗೊತ್ತಿಲ್ಲದ ಗಿಡದ ಲೆಕ್ಕವಾಗುತ್ತದೆ.

ಇಂತಹ ಪರೀಕ್ಷೆಗೆ ಹೆಚ್ಚಾಗಿ ಬಳಸುವುದು ಎಲಿವೇಟೆಡ್ ಪ್ಲಸ್ ಮೇಜ್. ನೆಲದಿಂದ ಸುಮಾರು 50 ಸೆಂಟಿಮೀಟರ್ ಎತ್ತರದಲ್ಲಿರುವ, ಕೂಡಿಸುವ ಚಿಹ್ನೆಯ (+) ಆಕಾರದ ಹಲಗೆ. ಎರಡು ತೋಳುಗಳಿಗೆ ಗೋಡೆಯಿದೆ, ಎರಡಕ್ಕಿಲ್ಲ. ನಡುವೆ ಬಿಟ್ಟ ಇಲಿಯನ್ನು 5 ನಿಮಿಷ ಗಮನಿಸುತ್ತಾರೆ. ಹಿಂಗಾಲುಗಳನ್ನು ಗೋಡೆಯ ಮರೆಯಲ್ಲೇ ಊರಿ, ಮೈಯನ್ನು ಉದ್ದಕ್ಕೆ ಚಾಚಿ, ಮೀಸೆ ಅಲುಗಿಸುತ್ತ ಬಯಲಿನ ತೋಳನ್ನು ಮೂಸಿ ಮತ್ತೆ ಒಳಗೆ ಸರಿಯುವ ಇಲಿಯನ್ನು ಒಮ್ಮೆ ನೋಡಿದವರಿಗೆ ಅದರ ಅಳುಕು ಏನೆಂದು ವಿವರಿಸಬೇಕಾಗಿಲ್ಲ. ಆತಂಕ ತಗ್ಗಿಸುವ ಔಷಧಿ ಡಯಾಜೆಪಾಮ್ ಕೊಟ್ಟ ಇಲಿ ಬಯಲಿನ ತೋಳಿನಲ್ಲಿ ಹೆಚ್ಚು ಹೊತ್ತು ಕಳೆಯುತ್ತದೆ. 1985ರಲ್ಲಿ ಸಂಶೋಧಕಿ ಪೆಲ್ಲೋ ಮತ್ತು ಸಂಗಡಿಗರು ಈ ವಿಧಾನವನ್ನು ಇಲಿಗಳಲ್ಲಿ ಪರಿಶೀಲಿಸಿ ದೃಢಪಡಿಸಿದರು.

ಆದರೆ ಸಾರ ಇಲಿಯನ್ನು ಕೇವಲ ಚುರುಕುಗೊಳಿಸಿದರೂ ಅದು ಬಯಲಿಗೆ ಹೆಚ್ಚು ಸಲ ಬರಬಹುದು; ಮಂಪರು ತಂದರೆ ಇದ್ದಲ್ಲೇ ಕೂರಬಹುದು. ಆದ್ದರಿಂದ ಮುಚ್ಚಿದ ತೋಳುಗಳಿಗೆ ಹೋದ ಸಂಖ್ಯೆಯನ್ನೂ ಬರೆದಿಡಬೇಕು, ಎಣಿಸುವವರಿಗೆ ಯಾವ ಇಲಿಗೆ ಏನು ಕೊಟ್ಟಿದೆ ಎಂಬುದು ತಿಳಿದಿರಬಾರದು, ಒಂದು ಇಲಿಯ ವಾಸನೆ ಇನ್ನೊಂದಕ್ಕೆ ತಾಗದಂತೆ ಪ್ರತಿ ಸಲವೂ ಹಲಗೆಯನ್ನು ಒರೆಸಬೇಕು. ಅದೇ ಇಲಿಯನ್ನು ಎರಡನೆಯ ಸಲ ಬಿಟ್ಟರೆ ಡಯಾಜೆಪಾಮ್‌ನ ಪರಿಣಾಮವೇ ಕುಗ್ಗುತ್ತದೆ ಎಂಬುದು ಬಹಳ ಹಿಂದೆಯೇ ಕಂಡುಬಂದಿದೆ.

ಇಲಿಯಲ್ಲಿ ಒಳ್ಳೆಯ ಫಲಿತಾಂಶ ಬಂದರೂ ಅದನ್ನು ನೇರವಾಗಿ ಪೊಟ್ಟಣದ ಮೇಲೆ ಅಚ್ಚು ಹಾಕುವುದನ್ನು ನಾನು ಒಪ್ಪಲಾರೆ. ಪೆಸಿಫಿಕ್ ದ್ವೀಪಗಳ ಕಾವಾ ಬೇರು ಮನುಷ್ಯರಲ್ಲೇ ಆತಂಕ ತಗ್ಗಿಸಿದ್ದುಂಟು. ಆದರೂ ಯಕೃತ್ತಿಗೆ ಹಾನಿಯಾದ ವರದಿಗಳು ಬಂದ ಮೇಲೆ 2002ರಲ್ಲಿ ಜರ್ಮನಿ ಅದರ ಮಾರಾಟವನ್ನು ನಿಲ್ಲಿಸಿತು. ಇಲಿಗೆ ಪ್ರತಿ ಕಿಲೋ ತೂಕಕ್ಕೆ ಕೊಟ್ಟ ಪ್ರಮಾಣವೂ ಮನುಷ್ಯರಿಗೆ ಹಾಗೆಯೇ ಹೊಂದುವುದಿಲ್ಲ. ದೇಹದ ಮೇಲ್ಮೈ ಲೆಕ್ಕದಲ್ಲಿ ಅದನ್ನು ಸುಮಾರು 6ರಿಂದ ಭಾಗಿಸಬೇಕು.

ಸಾಂಸ್ಥಿಕ ಪ್ರಾಣಿ ನೈತಿಕ ಸಮಿತಿಯ ಮುಂದೆ ಅರ್ಜಿ ಇಡುವಾಗ ಇಷ್ಟು ಇಲಿಗಳೇ ಏಕೆ ಬೇಕು ಎಂದು ಬರೆಯುತ್ತೇವೆ. ಅದೇ ಅರ್ಜಿಯ ಜೊತೆಗೆ, ಸಸ್ಯಶಾಸ್ತ್ರಜ್ಞರು ಗುರುತಿಸಿ ಸಹಿ ಹಾಕಿದ ಒಣಗಿಸಿದ ಗಿಡದ ಹಾಳೆಯನ್ನೂ ಇಡುವಂತೆ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಆ ಹಾಳೆ ಬರುವವರೆಗೆ ಒಂದು ಇಲಿಯನ್ನೂ ಪಂಜರದಿಂದ ತೆಗೆಯಲು ನಾನು ಬಿಡುವುದಿಲ್ಲ.