ಇಂಗ್ಲಿಷ್ ಕಲಿಯಲು ಮನೆಯ ಲೀವ್ ಅಂಡ್ ಲೈಸೆನ್ಸ್ ಕಾಗದ ಸಾಕು

ಮುಂಬೈ-ಪುಣೆಯ ನಮ್ಮ ಕನ್ನಡದ ಹುಡುಗರು ಇಂಗ್ಲಿಷ್ ಸುಧಾರಿಸಿಕೊಳ್ಳಲು ಹೊರಟರೆ ಮೊದಲು ಹಿಡಿಯುವುದು ‘ದಿನಕ್ಕೊಂದು ಪದ’ದ ಆ್ಯಪನ್ನು. ಯುಬಿಕ್ವಿಟಸ್, ಸೆರೆಂಡಿಪಿಟಿ ಎಲ್ಲ ಬಾಯಿಪಾಠ. ಆದರೆ ಪಕ್ಕದವರ ಛತ್ರಿ ಬೇಕಾದಾಗ ‘ಕೆನ್ ಐ ಲೆಂಡ್ ಯುವರ್ ಅಂಬ್ರೆಲಾ’ ಎನ್ನುತ್ತಾರೆ. ನಮ್ಮಲ್ಲಿ ಕಡ ಒಂದೇ, ಕೊಡುವುದಾದರೂ ತಗೊಳ್ಳುವುದಾದರೂ. ಅವರಲ್ಲಿ ತಗೊಳ್ಳುವುದು ಬಾರೋ, ಕೊಡುವುದು ಲೆಂಡ್.

ನನ್ನ ಪ್ರಕಾರ ಪದಗಳನ್ನು ಪಟ್ಟಿಯಿಂದ ಹೆಕ್ಕಬಾರದು, ಮನೆಗೆ ಬರುವ ಕಾಗದಗಳಿಂದ ಹೆಕ್ಕಬೇಕು. ಬಾಡಿಗೆ ಮನೆಯಲ್ಲಿರುವವರ ಬಳಿ 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಅಗ್ರಿಮೆಂಟ್, ಅಂದರೆ ಬಾಡಿಗೆ ಕರಾರು, ಇದ್ದೇ ಇರುತ್ತದೆ. ಸಹಿ ಹಾಕಿ ಕಪಾಟಿಗೆ ಸೇರಿಸಿರುತ್ತೇವೆ, ಓದಿರುವುದಿಲ್ಲ.

ಅದರ ಹೆಸರಿನಿಂದಲೇ ಶುರುಮಾಡಿ. ಇಲ್ಲಿ ಲೀವ್ ಎಂದರೆ ಬಿಟ್ಟು ಹೋಗುವುದಲ್ಲ, ಅನುಮತಿ. ಆಫೀಸಿನ ರಜೆಗೂ ಲೀವ್ ಎನ್ನುವುದು ಇದರಿಂದಲೇ, ಕೆಲಸಕ್ಕೆ ಬಾರದಿರಲು ಸಿಕ್ಕ ಅನುಮತಿ ಅದು. ಬಿಡು ಎಂಬ ಅರ್ಥದ ಲೀವ್‌ನ ಮೂಲವೇ ಬೇರೆ. ಮುಂದೆ ಲೈಸೆನ್ಸರ್, ಲೈಸೆನ್ಸೀ. ಅನುಮತಿ ಕೊಟ್ಟ ಮಾಲೀಕ ಲೈಸೆನ್ಸರ್, ಪಡೆದ ನೀವು ಲೈಸೆನ್ಸೀ. ಚೆಕ್ಕಿನ ಮೇಲಿನ ಪೇಯೀ, ಹೌಸಿಂಗ್ ಸೊಸೈಟಿ ಫಾರ್ಮಿನ ನಾಮಿನೀ, ಕಂಪನಿಯ ಎಂಪ್ಲಾಯೀ ಎಲ್ಲ ಇದೇ ಬಳಗ, ಕೊನೆಯ ‘ಈ’ ಕೆಲಸ ಮಾಡಿದವರನ್ನಲ್ಲ, ಅದಕ್ಕೆ ಒಳಗಾದವರನ್ನು ಹೇಳುತ್ತದೆ. (ಸಭೆಗೆ ಬಂದ ಅಟೆಂಡೀ ಮಾತ್ರ ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಇಂಗ್ಲಿಷಿನ ನಿಯಮಗಳನ್ನು ಅಷ್ಟಕ್ಕಷ್ಟೇ ನಂಬಬೇಕು.)

ಮನೆ ಬಿಡುವ ಷರತ್ತುಗಳಲ್ಲಿ ಇನ್ನೂ ಹೆಚ್ಚು ಸರಕಿದೆ. ಕನ್ನಡದ ‘ಮನೆಯಿಂದ’ ತಲೆಯಲ್ಲಿ ಕೂತು ನಾವು ‘ವೆಕೇಟ್ ಫ್ರಮ್ ದ ಫ್ಲ್ಯಾಟ್’ ಎನ್ನುತ್ತೇವೆ. ಅದು ಬರೀ ‘ವೆಕೇಟ್ ದ ಫ್ಲ್ಯಾಟ್’, ಫ್ರಮ್ ಬೇಡ. ಅದೇ ಡಿಡಕ್ಟ್‌ಗೆ ಫ್ರಮ್ ಬೇಕು: ‘ಡಿಡಕ್ಟೆಡ್ ಫ್ರಮ್ ದ ಡೆಪಾಸಿಟ್’. ಕಟ್ಟಡ ಒಂದೇ ಇದ್ದರೂ ಪ್ರೆಮಿಸಸ್ ಬಹುವಚನವೇ. ‘ವೇರ್ ಅಂಡ್ ಟೇರ್’ ಎಂದರೆ ದಿನಬಳಕೆಯ ಸವೆತ. ಅದನ್ನು ಟಿಯರ್ ಎಂದು ಓದಿದರೆ ಕಣ್ಣೀರಾಗುತ್ತದೆ. ಡ್ಯಾಮೇಜ್ ಎಂದರೆ ಹಾನಿ, ಕೊನೆಗೊಂದು ಎಸ್ ಬಿದ್ದ ಡ್ಯಾಮೇಜಸ್ ಎಂದರೆ ಕಾನೂನಿನಲ್ಲಿ ಪರಿಹಾರದ ಹಣ. ಗೋಡೆಯ ಬಣ್ಣ ಮಾಸಿದ್ದಕ್ಕೆ ಡೆಪಾಸಿಟ್ ಹಿಡಿದಿಟ್ಟುಕೊಂಡರೆ ವಾದಿಸಲು ಈ ಮೂರು ಪದಗಳು ಬೇಕೇ ಬೇಕು, ಸೆರೆಂಡಿಪಿಟಿ ಸಹಾಯಕ್ಕೆ ಬರುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಬಿಡಿ ಪದ ಬರೆಯಬೇಡಿ, ಕಾಗದದಲ್ಲಿ ಕಂಡ ಇಡೀ ತುಂಡನ್ನು ಬರೆಯಿರಿ. ಮುಂದೆ ಯಾವ ಪ್ರೆಪೊಸಿಷನ್ ಬರುತ್ತದೆ, ಎಣಿಸುವ ನಾಮಪದವೋ ಅಲ್ಲವೋ, ಒತ್ತು ಎಲ್ಲಿ ಎಂಬುದನ್ನೂ ಗುರುತು ಹಾಕಿ. ಪರ್ಮಿಟ್ ನಾಮಪದವಾದರೆ ಒತ್ತು ಮೊದಲ ಭಾಗಕ್ಕೆ, ಕ್ರಿಯಾಪದವಾದರೆ ಎರಡನೆಯದಕ್ಕೆ. ರಿಸೀಟ್‌ನ ಪಿ, ಡೆಟ್‌ನ ಬಿ ಬರಹಕ್ಕಷ್ಟೇ. ಕೆಳಗೆ ನಿಮ್ಮ ಮನೆಗೇ ಸಂಬಂಧಿಸಿದ ಒಂದು ವಾಕ್ಯ, ಕನ್ನಡ ಅರ್ಥ ಹಿಂದಿನ ಪುಟದಲ್ಲಿ. ದಿನಕ್ಕೆ ಐದು ಸಾಕು. ಇಪ್ಪತ್ತು ಬರೆದವರು ಎರಡನೇ ವಾರಕ್ಕೆ ಪುಸ್ತಕ ಮುಚ್ಚುತ್ತಾರೆ. ಮರುದಿನ, ಮೂರನೇ ದಿನ, ವಾರಕ್ಕೆ, ತಿಂಗಳಿಗೆ ಕನ್ನಡ ಮಾತ್ರ ನೋಡಿ ಇಂಗ್ಲಿಷ್ ವಾಕ್ಯವನ್ನು ಬಾಯಿಬಿಟ್ಟು ಹೇಳಿ. ತಪ್ಪಿದರೆ ಆ ಪದ ಮತ್ತೆ ಮೊದಲ ದಿನಕ್ಕೆ. ಬರೀ ಕಣ್ಣಾಡಿಸಿದರೆ ಕಂಡಾಗ ಗುರುತು ಸಿಗುತ್ತದೆ, ಬೇಕಾದಾಗ ನಾಲಿಗೆಗೆ ಬರುವುದಿಲ್ಲ.

ಇಂಗ್ಲಿಷ್-ಕನ್ನಡ ನಿಘಂಟು ಅಡ್ವೈಸ್‌ಗೆ ‘ಸಲಹೆ’ ಎಂದು ಹೇಳಿ ಸುಮ್ಮನಾಗುತ್ತದೆ. ಸಲಹೆಗಳು ಎಂದಂತೆ ಅಡ್ವೈಸಸ್ ಎನ್ನಬಾರದು ಎಂಬುದು ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಲರ್ನರ್ಸ್ ಡಿಕ್ಷನರಿಯಲ್ಲಿ ಸಿಗುತ್ತದೆ. ಲಾಂಗ್‌ಮನ್‌ನದು ಸುಮಾರು 2000 ಸರಳ ಪದಗಳೊಳಗೇ ಅರ್ಥ ವಿವರಿಸುತ್ತದೆ. ಪುಣೆಯವರು ಪುಸ್ತಕದಂಗಡಿಗಳಿರುವ ಅಪ್ಪಾ ಬಳವಂತ ಚೌಕದಲ್ಲಿ ಹುಡುಕಿ, ಹಳೆಯ ಆವೃತ್ತಿಯಾದರೂ ನಡೆಯುತ್ತದೆ.

ಅಂದಹಾಗೆ, ಇಲ್ಲಿಯವರಿಗೆ ಮರಾಠಿ ಒಂದು ಲಾಭ. ನಮ್ಮ ‘ಕೇಳು’ ಒಂದರಲ್ಲೇ ಆಸ್ಕ್, ಹಿಯರ್, ಲಿಸನ್ ಮೂರೂ ಅಡಗಿವೆ. ಮರಾಠಿ ವಿಚಾರಣೆ, ಐಕಣೆ ಎಂದು ಆಸ್ಕ್ ಅನ್ನಾದರೂ ಬೇರ್ಪಡಿಸುತ್ತದೆ. ಹಿಯರ್ ತಾನಾಗಿ ಕಿವಿಗೆ ಬೀಳುವುದು, ಲಿಸನ್ ಗಮನವಿಟ್ಟು ಕೇಳುವುದು, ಲಿಸನ್ ಬೆನ್ನಿಗೆ ‘ಟು’ ಬೇಕು.

ಅಗ್ರಿಮೆಂಟ್ ಮುಗಿದರೆ ಸೊಸೈಟಿಯ ಮೆಂಟೆನೆನ್ಸ್ ಬಿಲ್ ತೆಗೆಯಿರಿ. ಅರಿಯರ್ಸ್, ಡ್ಯೂಸ್, ಸಿಂಕಿಂಗ್ ಫಂಡ್, ‘ಆನ್ ಆರ್ ಬಿಫೋರ್’ ಮುಂದಿನ ವಾರಕ್ಕೆ ಸಾಕು.