ಶಾಲೆಯ ಕಮಾನು, ಕಬ್ಬಿನ ಬಾಕಿ

ಮುಧೋಳ ತಾಲ್ಲೂಕಿನ ನಮ್ಮೂರಿನ ಸರ್ಕಾರಿ ಶಾಲೆಗೆ ಕೆಲವು ವರ್ಷಗಳ ಹಿಂದೆ ಒಂದು ಸಕ್ಕರೆ ಕಾರ್ಖಾನೆಯವರು ಎರಡು ಕೊಠಡಿಗಳನ್ನೂ ಒಂದು ಸ್ವಾಗತ ಕಮಾನನ್ನೂ ಕಟ್ಟಿಸಿಕೊಟ್ಟರು. ಅದೇ ಹಂಗಾಮಿನಲ್ಲಿ ನಮ್ಮಣ್ಣ ಆ ಕಾರ್ಖಾನೆಗೆ ಕಳಿಸಿದ್ದ ಕಬ್ಬಿನ ಬಿಲ್ಲು ಐದು ತಿಂಗಳಾದರೂ ಬಂದಿರಲಿಲ್ಲ. ಮಗಳ ಕಾಲೇಜಿನ ಶುಲ್ಕ ಕಟ್ಟುವ ಕೊನೆಯ ದಿನ ಹತ್ತಿರವಾದಾಗ ಅವನು ಕಚೇರಿಗೆ ಹೋಗಿ ಕೇಳಿದ. ಅಲ್ಲಿದ್ದ ಗುಮಾಸ್ತರು ಸಿಟ್ಟಿನಿಂದಲ್ಲ, ಸಮಾಧಾನದಿಂದಲೇ, “ಅಣ್ಣಾರ, ನಿಮ್ಮೂರಿಗೆ ಸಾಲಿ ಕಟ್ಟಿಸಿ ಕೊಟ್ಟೇವಲ್ರಿ, ಇನ್ನೊಂದೀಟು ತಡಕೋರಿ” ಎಂದರಂತೆ.

ಅಣ್ಣ ಫೋನಿನಲ್ಲಿ ಹೇಳಿದ ಈ ಮಾತು ಗುಜರಾತಿನ ಆನಂದ್ ಬಳಿ ಹತ್ತೊಂಬತ್ತು ವರ್ಷಗಳಿಂದ ನೆಲೆಸಿರುವ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಸಲ್ಲಬೇಕಾದ ಹಣವನ್ನು ಕೇಳಲು ಬಂದವನಿಗೆ ಮಾಡಿದ ದಾನವನ್ನು ತೋರಿಸಿ ಕಳಿಸುವುದು ಅಲ್ಲಿ ಯಾರಿಗೂ ತಪ್ಪೆನಿಸಲಿಲ್ಲ. ನೋವಿನ ಸಂಗತಿಯೆಂದರೆ, ಅಣ್ಣನಿಗೂ ಆ ಕ್ಷಣದಲ್ಲಿ ಎದುರು ಮಾತು ಹೊಳೆಯಲಿಲ್ಲ.

ನಾನಿರುವ ಕಡೆ ಸಂಜೆಯಾದರೆ ಹಳ್ಳಿಯ ಹಾಲಿನ ಮಂಡಳಿಯ, ಅಂದರೆ ಸಹಕಾರ ಸಂಘದ, ಮುಂದೆ ಹೆಂಗಸರು ಸ್ಟೀಲ್ ಪಾತ್ರೆ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಒಬ್ಬೊಬ್ಬರ ಹಾಲನ್ನೂ ತೂಗಿ, ಅದರಿಂದ ಸ್ವಲ್ಪ ತೆಗೆದು ಯಂತ್ರಕ್ಕೆ ಹಿಡಿದರೆ ಕೊಬ್ಬಿನ ಅಂಶ ಎಷ್ಟೆಂಬ ಅಂಕಿ ಅವರ ಕಣ್ಣೆದುರೇ ಮೂಡುತ್ತದೆ. ಲೀಟರು, ಅಂಶ, ದರ, ಒಟ್ಟು ಹಣ ಇಷ್ಟೂ ಇರುವ ಚೀಟಿ ಕೈಗೆ ಬರುತ್ತದೆ. ಒಂದು ಎಮ್ಮೆ ಸಾಕಿರುವ ವಿಧವೆಯ ಹಾಲಿಗೂ ಹತ್ತು ಎಮ್ಮೆಯ ಪಟೇಲರ ಹಾಲಿಗೂ ಅದೇ ಯಂತ್ರ, ಅದೇ ಸಾಲು. ನನಗೆ ಪರಿಚಯವಿರುವ ಊರಿನಲ್ಲಿ ಹತ್ತು ದಿನಕ್ಕೊಮ್ಮೆ ಹಣ ಖಾತೆಗೆ ಬೀಳುತ್ತದೆ, ವರ್ಷದ ಕೊನೆಗೆ ಉಳಿದ ಲಾಭದಲ್ಲಿ ದರವ್ಯತ್ಯಾಸವೆಂಬ ಬೋನಸ್ಸಿನ ಪಾಲು ಬರುತ್ತದೆ, ಮಂಡಳಿಯಲ್ಲಿ ಮಿಕ್ಕಿದ್ದರಲ್ಲಿ ಊರಿನ ಶಾಲೆಗೂ ಒಂದಿಷ್ಟು ಹೋಗುತ್ತದೆ. ಆ ಶಾಲೆಗೆ ಕಮಾನಿಲ್ಲ.

ಇದು ಗುಜರಾತಿಗಳ ರಕ್ತಗುಣವೆಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಖಾಸಗಿ ಡೈರಿಗೆ ಹಾಲು ಒದಗಿಸುತ್ತಿದ್ದ ಗುತ್ತಿಗೆದಾರರು ಕೊಟ್ಟಷ್ಟೇ ದರವನ್ನು ತೆಗೆದುಕೊಳ್ಳಬೇಕಾಗಿದ್ದ ಖೇಡಾ ಜಿಲ್ಲೆಯ ರೈತರು 1946ರಲ್ಲಿ ಹದಿನೈದು ದಿನ ಹಾಲು ಹಾಕುವುದನ್ನೇ ನಿಲ್ಲಿಸಿದ ಮೇಲೆ ಅವರ ಸಹಕಾರಿ ಒಕ್ಕೂಟ ಹುಟ್ಟಿತು. ಇಂದಿನ ಅಮುಲ್ ಬೆಳೆದದ್ದು ಅದರಿಂದ. ಸಹಕಾರದ ವಿದ್ಯೆ ನಮ್ಮ ಸೀಮೆಗೂ ಹೊಸದಲ್ಲ. ಅದಕ್ಕೆ ನಾಲ್ಕು ದಶಕ ಮೊದಲೇ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ್ದರು. 1916ರಲ್ಲಿ ಏಳು ಮಂದಿ ಶಿಕ್ಷಕರು ಬೆಳಗಾವಿಯಲ್ಲಿ ಕೆಎಲ್ಇ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದಾಗ ಉಳ್ಳವರು ಹಿಂದೆಮುಂದೆ ನೋಡದೆ ಕೊಟ್ಟರು. ಕೊಡುವ ಕೈ ನಮ್ಮಲ್ಲಿ ಎಂದೂ ಕಡಿಮೆಯಿರಲಿಲ್ಲ. ಕೊಡುಗೆಗೂ ಋಣಕ್ಕೂ ಇರುವ ಗೆರೆ ಅಳಿಸಿಹೋಗಿರುವುದೇ ನನ್ನ ಸಂಕಟ.

ಕಬ್ಬಿನ ವ್ಯವಹಾರವನ್ನು ಹಾಲಿನ ಪಕ್ಕದಲ್ಲಿಟ್ಟು ನೋಡಿ. ಸರ್ಕಾರ ನಿಗದಿಪಡಿಸುವ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ದರ, 2025–26ರ ಹಂಗಾಮಿಗೆ ಕ್ವಿಂಟಾಲಿಗೆ 355 ರೂಪಾಯಿ, ಅದೂ ಶೇ 10.25ರ ಸಕ್ಕರೆ ಇಳುವರಿಗೆ. ಆದರೆ ಆ ಇಳುವರಿ ನಮ್ಮಣ್ಣನ ಹೊಲದ ಕಬ್ಬಿನದಲ್ಲ; ಇಡೀ ಕಾರ್ಖಾನೆಯ ಸರಾಸರಿ, ಅದನ್ನು ಲೆಕ್ಕ ಹಾಕುವುದೂ ಕಾರ್ಖಾನೆಯ ಪ್ರಯೋಗಾಲಯವೇ. ಅಂಗಳದಲ್ಲಿ ಎರಡು ರಾತ್ರಿ ಸಾಲಿನಲ್ಲಿ ನಿಂತ ಟ್ರೇಲರಿನ ಕಬ್ಬು ಒಣಗಿ ಎಷ್ಟು ಹಗುರಾಯಿತೆಂಬುದನ್ನು ಯಾವ ಚೀಟಿಯೂ ಹೇಳುವುದಿಲ್ಲ. ಕಾಟಾದ ಮೇಲೆ ಬಂದ ತೂಕವೇ ತೂಕ, ಅದರಿಂದ ಕಟಾವು ಮತ್ತು ಸಾಗಾಣಿಕೆಯ ವೆಚ್ಚ ಕಳೆದು ಉಳಿದದ್ದೇ ಬಿಲ್ಲು.

ಕಾನೂನು ಮಾತ್ರ ಸ್ಪಷ್ಟವಾಗಿದೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ತಲುಪಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು. ಇನ್ನೊಂದು ಕಡೆ 2013ರ ಕಂಪನಿ ಕಾಯ್ದೆಯಿದೆ. ಅದು ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕೆನ್ನುತ್ತದೆ. ಈ ಲೆಕ್ಕದಲ್ಲಿ ಕಂಪನಿಯ ನಿತ್ಯದ ವ್ಯವಹಾರ ಸೇರುವಂತಿಲ್ಲ. ನಿತ್ಯದ ಖರ್ಚನ್ನೇ ಸಮಾಜಸೇವೆಯೆಂದು ತೋರಿಸದಿರಲು ಅದು ಸರಿಯಾದ ನಿಯಮವೇ, ಆದರೆ ಅದರ ಪರಿಣಾಮವಾಗಿ ಶಾಲೆಯ ಕಮಾನು ಸಾಮಾಜಿಕ ಹೊಣೆಯೆನಿಸಿಕೊಂಡು ವಾರ್ಷಿಕ ವರದಿಯಲ್ಲಿ ಚಿತ್ರವಾಗಿ ಬರುತ್ತದೆ, ಸಾವಿರಾರು ಮನೆಗಳ ಒಲೆ ಉರಿಸುವ ಬಿಲ್ಲಿನ ಗಡುವು ಬರೀ ಲೆಕ್ಕಪತ್ರದ ಸಾಲಾಗಿ ಉಳಿಯುತ್ತದೆ.

ಕಾರ್ಖಾನೆಗಳ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಹಾಲು ದಿನವೂ ಮಾರಾಟವಾಗುತ್ತದೆ, ಸಕ್ಕರೆ ನಾಲ್ಕೈದು ತಿಂಗಳಲ್ಲಿ ತಯಾರಾಗಿ ವರ್ಷವಿಡೀ ಗೋದಾಮಿನಲ್ಲಿ ಕೂರುತ್ತದೆ. 2019ರ ಫೆಬ್ರುವರಿಯಲ್ಲಿ ಕಿಲೋಗೆ 31 ರೂಪಾಯಿ ಎಂದು ಗೊತ್ತುಮಾಡಿದ ಸಕ್ಕರೆಯ ಕನಿಷ್ಠ ಮಾರಾಟ ದರ ವರ್ಷಗಟ್ಟಲೆ ಅಲ್ಲೇ ನಿಂತಿತು, ಕಬ್ಬಿನ ದರ ಮಾತ್ರ ಏರುತ್ತ ಹೋಯಿತು. ಆದರೂ ಈ ಅಡಚಣೆಗೆ ಸಾಲ ಕೊಡಬೇಕಾದದ್ದು ಬ್ಯಾಂಕು. ನಾಲ್ಕು ಎಕರೆಯ ರೈತ ಬಡ್ಡಿಯಿಲ್ಲದೆ ಐದು ತಿಂಗಳು ಕಾರ್ಖಾನೆಗೆ ಸಾಲ ಕೊಟ್ಟು, ತಾನು ಸೊಸೈಟಿಯಲ್ಲಿ ಬಡ್ಡಿ ಕಟ್ಟುವುದು ಯಾವ ನ್ಯಾಯ? 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಟಾವು, ಸಾಗಾಣಿಕೆಯ ವೆಚ್ಚ ಕಳೆದು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕುಳಿತವರ ಸುದ್ದಿ ಓದುವಾಗ, ದರದ ಜಗಳದ ಅಡಿಯಲ್ಲಿ ಇಂಥ ಎಷ್ಟು ಹಳೆಯ ಅಪನಂಬಿಕೆಗಳಿವೆಯೋ ಎಂದು ನನಗೆ ಅನಿಸಿತು.

ಕಾರ್ಖಾನೆಗಳು ಶಾಲೆ ಕಟ್ಟಿಸಲಿ, ನಮ್ಮ ಮಕ್ಕಳಿಗೆ ಆ ಕೊಠಡಿಗಳು ಬೇಕು. ಅದರೊಂದಿಗೆ ಗೇಟಿನ ಬಳಿ ಒಂದು ಫಲಕವನ್ನೂ ಹಾಕಲಿ: ಯಾವ ತಾರೀಖಿನ ಕಬ್ಬಿಗೆ ಯಾವ ತಾರೀಖಿನಂದು ಹಣ ಸಂದಿದೆ ಎಂಬುದನ್ನು ದಿನವೂ ಬರೆಯಲಿ, ಕಾಟಾದ ಬಳಿ ರೈತರೇ ಆರಿಸಿದ ಒಬ್ಬರು ಕೂರಲಿ. ಅಣ್ಣನಿಗೆ ಇದನ್ನು ಹೇಳಿದಾಗ ಅವನು, “ಶಾಲಿಗೆ ನಾವೂ ವರ್ಗಣಿ ಕೊಡ್ತೀವಿ, ಮೊದಲ ನಮ್ಮ ರೊಕ್ಕ ನಮಗ ಬರ್ಲಿ” ಎಂದ. ಅವನ ಟ್ರಂಕಿನಲ್ಲಿ ಈ ಹಂಗಾಮಿನ ಕಾಟಾ ಚೀಟಿಗಳು ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಕೂತಿವೆ. ಮೇಲಿನ ಚೀಟಿಗೆ ಮೊನ್ನೆಗೆ ನಲವತ್ತು ದಿನವಾಯಿತು.