ಜಗನ್ಮೋಹನಕ್ಕೆ ಅರ್ಧ ಗಂಟೆ

ಮೈಸೂರು ಪ್ರವಾಸದ ಯೋಜನೆಯನ್ನು ನಮ್ಮ ಭಾವ ವಾಟ್ಸಾಪಿನಲ್ಲಿ ಕಳಿಸಿದ್ದಾರೆ. ಬೆಟ್ಟಕ್ಕೆ ಎರಡು ಗಂಟೆ, ಮೃಗಾಲಯಕ್ಕೆ ಮೂರು, ಊಟಕ್ಕೆ ಒಂದೂವರೆ, ಸೀರೆ ಅಂಗಡಿಗೆ ‘ಎಷ್ಟಾದರೆ ಅಷ್ಟು’. ಇವುಗಳ ಸಂದಿಯಲ್ಲಿ, ದಾರಿಯಲ್ಲೇ ಸಿಗುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ, ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಅರ್ಧ ಗಂಟೆ. ‘ದೀಪದ ಹುಡುಗಿ ನೋಡಿಕೊಂಡು ಹೊರಟುಬಿಡೋಣ’ ಅಂತ ಪಕ್ಕದಲ್ಲಿ ಟಿಪ್ಪಣಿ ಬೇರೆ. ಜಿರಾಫೆಗಿರುವ ಮರ್ಯಾದೆ ರವಿವರ್ಮನಿಗಿಲ್ಲ.

1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಮಹಲು ಅದು. 1897ರಲ್ಲಿ ಹಳೆಯ ಅರಮನೆ ಸುಟ್ಟುಹೋದಾಗ ರಾಜಮನೆತನ ಬಂದು ನೆಲೆಸಿದ್ದು ಅಲ್ಲೇ, 1902ರಲ್ಲಿ ನಾಲ್ವಡಿಯವರು ಪೂರ್ಣ ರಾಜ್ಯಾಧಿಕಾರ ವಹಿಸಿಕೊಂಡದ್ದೂ ಅಲ್ಲೇ. ಮಹಾರಾಜರಿಗೆ ವರ್ಷಗಟ್ಟಲೆ ಬೇಕಾದ ಜಾಗ ನಮ್ಮ ಭಾವನಿಗೆ ಅರ್ಧ ಗಂಟೆಗೆ ಸಾಕು.

ಇನ್ನು ಆ ದೀಪದ ಹುಡುಗಿ. ಅದರ ವಿಷಯ ತೆಗೆದರೆ ನಮ್ಮ ಸೋದರಮಾವನನ್ನು ಕರೆತರದೆ ವಿಧಿಯಿಲ್ಲ. ಅವರ ಪ್ರಕಾರ ಆ ಚಿತ್ರದ ಹಿಂದೆ ಒಂದು ಬಲ್ಬ್ ಇದೆ. ಇಲ್ಲದಿದ್ದರೆ ಮುಖದ ಮೇಲೆ, ಬೆರಳಿನ ಸಂದಿಯಲ್ಲಿ ಆ ಕೆಂಪು ಬೆಳಕು ಬರಲು ಸಾಧ್ಯವೇ ಇಲ್ಲ! ನಾವು ಚಿಕ್ಕವರಿದ್ದಾಗ ಚಿತ್ರವನ್ನು ಕತ್ತಲೆಯಲ್ಲಿ ತೋರಿಸುತ್ತಿದ್ದರು, ಮಾವನ ಅನುಮಾನಕ್ಕೆ ಅದೂ ಸಾಕ್ಷಿ. ಅವರು ಚೌಕಟ್ಟಿನ ಎಡಕ್ಕೆ ಬಗ್ಗುವರು, ಬಲಕ್ಕೆ ಬಗ್ಗುವರು, ಗೋಡೆಗೆ ಕೆನ್ನೆ ಹಚ್ಚಿ ವೈರು ಹುಡುಕುವರು. ಕಾವಲಿನವನು “ಸಾರ್, ದೂರ ನಿಲ್ಲಿ” ಅಂದಾಗ “ನೋಡಿದ್ಯಾ, ಇವನಿಗೂ ಗೊತ್ತು” ಎಂದು ನಮ್ಮ ಕಡೆ ಕಣ್ಣು ಹೊಡೆಯುವರು. ವೃತ್ತಿಯಲ್ಲಿ ಎಲೆಕ್ಟ್ರಿಕ್ ಇಲಾಖೆಯವರು, ಸೋಲು ಒಪ್ಪುವ ಪೈಕಿ ಅಲ್ಲ. ಚಿತ್ರ ನೋಡಿ ಬಂದ ರಾತ್ರಿ ಊಟಕ್ಕೆ ಕೂತಾಗಲೂ ನಲವತ್ತು ವ್ಯಾಟಿನದೋ ಅರವತ್ತರದೋ ಎಂಬ ಚರ್ಚೆ.

ಅವರ ಇನ್ನೊಂದು ಹಟ, ಬರೆದವನು ರವಿವರ್ಮ ಎಂಬುದು. ಇದರಲ್ಲಿ ಅವರು ಒಂಟಿಯಲ್ಲ, ಅರ್ಧ ಕರ್ನಾಟಕ ಅವರ ಜೊತೆಗಿದೆ. 1894ರಲ್ಲಿ ಮುದ್ರಣಾಲಯ ಹಾಕಿ ರವಿವರ್ಮ ತನ್ನ ಲಕ್ಷ್ಮಿ ಸರಸ್ವತಿಯರನ್ನು ಮನೆಮನೆಯ ಗೋಡೆಗೆ ಏರಿಸಿದ ಮೇಲೆ, ಸೀರೆಯುಟ್ಟು ಚಿತ್ರದಲ್ಲಿ ನಿಂತ ಹೆಂಗಸರೆಲ್ಲ ಅವನ ಖಾತೆಗೇ ಜಮಾ. ಅವನ ಚಿತ್ರಗಳು ಅದೇ ಮಹಲಿನಲ್ಲಿರುವುದರಿಂದ ಗೊಂದಲ ಇನ್ನಷ್ಟು ಗಟ್ಟಿ. ನಿಜಕ್ಕೂ ಈ ಚಿತ್ರ ಬರೆದವರು ಮಹಾರಾಷ್ಟ್ರದ ಸಾವಂತವಾಡಿಯ ಕಲಾವಿದ ಎಸ್.ಎಲ್. ಹಲ್ದಂಕರ್, ಅದೂ ಜಲವರ್ಣದಲ್ಲಿ. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಆಕೆ ಕೊಲ್ಹಾಪುರದಲ್ಲಿ ತೀರಿಕೊಂಡದ್ದು 2018ರಲ್ಲಿ, 102ನೆಯ ವಯಸ್ಸಿನಲ್ಲಿ. ರವಿವರ್ಮ ಹೋದದ್ದು 1906ರಲ್ಲಿ. ಹುಡುಗಿ ಹುಟ್ಟುವುದಕ್ಕೆ ಮೊದಲೇ ಅವಳ ಚಿತ್ರ ಬರೆದಿಟ್ಟನೇ ಎಂದು ಕೇಳಿದೆ. ಮಾವ ಒಂದು ಗುಟುಕು ಕಾಫಿ ಕುಡಿದು, “ಅದಿರಲಿ, ಬಲ್ಬಿನ ವಿಷಯ ಹೇಳು” ಅಂದರು.

ಹೀಗಾಗಿ ನನಗೆ ಚಿತ್ರಶಾಲೆಗೆ ಗುಂಪಿನಲ್ಲಿ ಹೋಗುವುದೆಂದರೆ ಮೈ ಉರಿಯುತ್ತದೆ. ಒಬ್ಬರಿಗೆ ಕಾಲು ನೋವು, ಒಬ್ಬರಿಗೆ ಹಸಿವು, ಇನ್ನೊಬ್ಬರು ‘ನಿಜವಾದ ಫೋಟೋ ಥರಾನೇ ಇದೆ’ ಎಂದು ಪ್ರತಿ ಚಿತ್ರಕ್ಕೂ ಪ್ರಮಾಣಪತ್ರ ಕೊಡುತ್ತ ಹೋಗುತ್ತಾರೆ. ಇದನ್ನೆಲ್ಲ ಅಕ್ಕನ ಹತ್ತಿರ ಫೋನಿನಲ್ಲಿ ತೋಡಿಕೊಂಡೆ. ಅಕ್ಕನಿಗೆ ಕಲೆಯ ಗೊಡವೆಯಿಲ್ಲ ಎಂದೇ ಮನೆಯವರ ತೀರ್ಮಾನ. ಆದರೆ ಸೀರೆ ಅಂಗಡಿಯಲ್ಲಿ ಅವಳನ್ನು ನೋಡಬೇಕು. ಗಲ್ಲಾಪೆಟ್ಟಿಗೆಯ ಹತ್ತಿರದ ದೀಪವನ್ನು ನಂಬದೆ ಸೀರೆಯನ್ನು ಬಾಗಿಲ ತನಕ ಒಯ್ದು, ಬಿಸಿಲಿಗೆ ಹಿಡಿದು, ಅಂಚಿನ ಹಸಿರಿಗೂ ಒಡಲ ಹಸಿರಿಗೂ ಇರುವ ಕೂದಲೆಳೆಯ ಜಗಳ ಪತ್ತೆ ಹಚ್ಚುತ್ತಾಳೆ. ಚಿತ್ರ ನೋಡುವುದು ಹೇಗೆ ಎಂಬ ಬಗ್ಗೆ ಇಲ್ಲೊಂದು ದೊಡ್ಡ ಮಾತು ಹೇಳಬಹುದಿತ್ತು, ನಾಲಿಗೆ ತುದಿಯಲ್ಲೇ ಇತ್ತು.

“ಅಲ್ವೋ, ಆ ರವಿವರ್ಮನ ಹೆಂಗಸರ ಸೀರೆಗಳಲ್ಲಿ ಜರಿ ಬಣ್ಣ ಸರಿಯಾಗಿ ಕಾಣುತ್ತಾ? ಒಳಗೆ ಲೈಟು ಹೇಗಿದೆ?” ಎಂದಳು ಅಕ್ಕ.

ಎಷ್ಟೋ ಕಡೆ ಗಾಜಿನಲ್ಲಿ ಟ್ಯೂಬ್‌ಲೈಟೇ ಮೊದಲು ಕಾಣುವುದು ಅಂದೆ.

“ಹಾಗಾದರೆ ಬೆಳಿಗ್ಗೆ ಹತ್ತೂವರೆಗೇ ಹೋಗೋಣ. ಊಟ ಎರಡಕ್ಕೆ ಇಟ್ಟುಕೊಳ್ಳಲಿ, ನಿಮ್ಮ ಭಾವನಿಗೆ ನಾನು ಹೇಳ್ತೀನಿ.”